ಕೇಕ್ ಗಟ್ಟಿ, ಬ್ರೆಡ್ ಅಂಟಂಟು: ಹಿಟ್ಟಿನ ಅಳತೆ ಎಲ್ಲಿ ತಪ್ಪಿತು ಎಂದು ಹುಡುಕುವ ಬಗೆ

ನಮ್ಮ ಮನೆಯಲ್ಲಿ ಒಂದೇ ರೆಸಿಪಿಯ ವೆನಿಲಾ ಕೇಕ್ ಮೂರು ಸಲ ಮೂರು ಥರ ಬಂತು. ಮೊದಲ ಸಲ ಚೆನ್ನಾಗಿತ್ತು. ಎರಡನೇ ಸಲ ಇಟ್ಟಿಗೆ. ಮೂರನೇ ಸಲದ್ದು ಕಾಫಿಯಲ್ಲಿ ಅದ್ದಿದರೆ ಮಾತ್ರ ಗಂಟಲಲ್ಲಿ ಇಳಿಯುತ್ತಿತ್ತು. ಓವನ್ ಅದೇ, ಟಿನ್ ಅದೇ, ಮೈದಾ ಕೂಡ ಅದೇ ಪ್ಯಾಕೆಟ್ಟಿನದ್ದು. ಬೇಕಿಂಗ್ ಪೌಡರ್ ಹಳೆಯದಾಯಿತೇನೋ ಎಂದು ಹೊಸ ಡಬ್ಬಿ ತಂದೆ. ಓವನ್ ಕೈಕೊಟ್ಟಿತೇನೋ ಎಂದು ಒಳಗಿಡುವ ಥರ್ಮಾಮೀಟರ್ ತಂದೆ. ಎರಡೂ ಸರಿಯಾಗಿಯೇ ಇದ್ದವು.

ಕೊನೆಗೆ ಹೊಳೆದಿದ್ದು ಇದು. ಮೊದಲ ಸಲ ಪ್ಯಾಕೆಟ್ ಹೊಸದಾಗಿ ಕತ್ತರಿಸಿದ್ದೆ. ಬಾಯಿ ಚಿಕ್ಕದು, ಕಪ್ ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಚಮಚದಲ್ಲಿ ಮೈದಾ ತೆಗೆದು ಕಪ್ಪಿಗೆ ಉದುರಿಸಿದ್ದೆ. ಕೆಲಸ ಮುಗಿದ ಮೇಲೆ ಉಳಿದ ಮೈದಾವನ್ನು ಸ್ಟೀಲ್ ಡಬ್ಬಿಗೆ ಸುರಿದೆ. ಮುಚ್ಚಳ ಹಾಕಲು ಆಗಲಿಲ್ಲ, ಡಬ್ಬಿಯನ್ನು ನೆಲಕ್ಕೆ ನಾಲ್ಕು ಸಲ ಕುಕ್ಕಿದೆ, ಹಿಟ್ಟು ಇಳಿಯಿತು. ಅಲ್ಲಿಂದ ಮುಂದೆ ಅಳೆಯುವಾಗ ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ತುಂಬಿಸಿ ಎತ್ತುತ್ತಿದ್ದೆ. ವ್ಯತ್ಯಾಸ ಅಷ್ಟೇ. ಆದರೆ ಒಂದು ಕಪ್ಪಿಗೆ 25 ಗ್ರಾಂ ಹಿಟ್ಟು ಸುಮ್ನೆ ಜಾಸ್ತಿ ಬೀಳುತ್ತಿತ್ತು.

ನಿಮ್ಮ ಕೇಕ್, ಬ್ರೆಡ್, ಬಿಸ್ಕತ್ತು ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುತ್ತಿಲ್ಲವಾದರೆ, ಅಥವಾ ಕಪ್ ಲೆಕ್ಕದ ರೆಸಿಪಿಯನ್ನು ಗ್ರಾಂಗೆ ಬದಲಾಯಿಸಿದ ಮೇಲೆ ಕೆಡಲು ಶುರುವಾಗಿದ್ದರೆ, ಕೆಳಗಿನದನ್ನು ಇದೇ ಕ್ರಮದಲ್ಲಿ ನೋಡುತ್ತಾ ಬನ್ನಿ. ಸುಲಭವಾದದ್ದನ್ನೂ ಹೆಚ್ಚಾಗಿ ತಪ್ಪುವಂಥದ್ದನ್ನೂ ಮೊದಲು ಇಟ್ಟಿದ್ದೇನೆ.

ಇದು ಹಿಟ್ಟಿನದ್ದೇ ತಪ್ಪಾ?

ಒಣಗಿದ ಕೇಕ್ ಎಂದ ಕೂಡಲೇ ಹಿಟ್ಟನ್ನು ಬೈಯಬೇಡಿ. ಜಾಸ್ತಿ ಬೆಂದರೂ ಕೇಕ್ ಒಣಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಕೇಕನ್ನು ನಡುವೆ ಸೀಳಿ. ಅಂಚು, ತಳ ಕಪ್ಪಾಗಿ ಗಟ್ಟಿಯಾಗಿದ್ದು ನಡುಭಾಗ ಮೆತ್ತಗಿದ್ದರೆ ಅದು ಶಾಖದ ಅಥವಾ ಸಮಯದ ತಪ್ಪು. ಅಂಚಿನಿಂದ ನಡುವಿನವರೆಗೂ ಒಂದೇ ಥರ ಬಿಗಿಯಾಗಿದ್ದರೆ, ಬೆರಳಲ್ಲಿ ಉಜ್ಜಿದಾಗ ಪುಡಿ ಪುಡಿ ಉದುರಿದರೆ, ಮೇಲ್ಭಾಗ ಗೋಪುರದ ಹಾಗೆ ಎದ್ದು ಸೀಳು ಬಿಟ್ಟಿದ್ದರೆ ಹಿಟ್ಟು ಜಾಸ್ತಿ ಬಿದ್ದಿರುವ ಸಾಧ್ಯತೆಯೇ ಹೆಚ್ಚು.

ಓವನ್‌ಗೆ ಹೋಗುವ ಮೊದಲೇ ಸುಳಿವು ಸಿಗುತ್ತದೆ. ಮಾಮೂಲಿ ಬೆಣ್ಣೆ ಕೇಕಿನ ಹಿಟ್ಟನ್ನು ಸೌಟಿನಲ್ಲಿ ಎತ್ತಿ ಬಿಟ್ಟರೆ ಅಗಲವಾದ ಪಟ್ಟಿಯ ಹಾಗೆ ನಿಧಾನವಾಗಿ ಜಾರಬೇಕು. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಎಂದುಕೊಳ್ಳಿ. ಉಂಡೆಯಾಗಿ ತೊಪ್ಪನೆ ಬಿದ್ದರೆ, ಟಿನ್ನಿಗೆ ಹಾಕಿದ ಮೇಲೆ ಚಮಚದಲ್ಲಿ ಸವರದೆ ಸಮವಾಗದಿದ್ದರೆ, ಅಲ್ಲೇ ನಿಲ್ಲಿಸಿ.

ಉಲ್ಟಾ ತಪ್ಪೂ ಆಗುತ್ತದೆ. ಹಿಟ್ಟು ಕಡಿಮೆಯಾದರೆ ಕೇಕ್ ಉಬ್ಬಿ ಆಮೇಲೆ ನಡುವೆ ಕುಸಿಯುತ್ತದೆ, ತಳದಲ್ಲಿ ಜಿಡ್ಡು ನಿಲ್ಲುತ್ತದೆ. ಬಿಸ್ಕತ್ತು ಟ್ರೇ ತುಂಬ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆದರೆ ಕುಸಿದ ಕೇಕಿಗೆ ಸೋಪಿನ ಹಾಗೆ ಅಥವಾ ಕಹಿ ರುಚಿ ಇದ್ದರೆ ಅದು ಸೋಡಾ ಜಾಸ್ತಿಯಾಗಿದ್ದು, ಹಿಟ್ಟಿನ ತಲೆಗೆ ಕಟ್ಟಬೇಡಿ.

ಕಪ್ಪನ್ನು ತೂಗಿ ನೋಡಿ

ಇಡೀ ಕೈಪಿಡಿಯಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ನೀವು ದಿನಾ ಅಳೆಯುವ ಹಾಗೆಯೇ ಒಂದು ಕಪ್ ಮೈದಾ ಅಳೆಯಿರಿ. ಪರೀಕ್ಷೆ ಅಂತ ನಾಜೂಕು ಮಾಡಬೇಡಿ, ಕೈಗೆ ರೂಢಿ ಇರುವ ಹಾಗೇ ಇರಲಿ. ತೂಗಿ, ಬರೆದುಕೊಳ್ಳಿ. ಹಿಟ್ಟನ್ನು ಡಬ್ಬಿಗೆ ವಾಪಸ್ ಸುರಿಯಿರಿ, ಮತ್ತೆ ಅಳೆಯಿರಿ. ಹೀಗೆ ಐದು ಸಲ.

ನಾನು 240 ಎಂಎಲ್ ಕಪ್ಪಿನಲ್ಲಿ ಮಾಡಿದಾಗ ಬಂದದ್ದು ಹೀಗೆ. ಚಮಚದಲ್ಲಿ ಉದುರಿಸಿ, ಚಾಕುವಿನ ಬೆನ್ನಿನಿಂದ ತಲೆ ಸವರಿದಾಗ 121, 118, 124 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ತಲೆ ಸವರಿದಾಗ 143, 149, 146. ಅದ್ದಿ, ಡಬ್ಬಿಯ ಅಂಚಿಗೆ ಎರಡು ಸಲ ತಟ್ಟಿ, ಮತ್ತೆ ತುಂಬಿ ಸವರಿದಾಗ 158. ಜರಡಿ ಹಿಡಿದ ಹಿಟ್ಟನ್ನು ಉದುರಿಸಿದಾಗ 106. ಒಂದೇ ಕಪ್, ಒಂದೇ ಡಬ್ಬಿ, ಒಂದೇ ಸಂಜೆ. 106ರಿಂದ 158! ಎರಡೂ 'ಒಂದು ಕಪ್ ಮೈದಾ'ನೇ.

ಕಾರಣ ಕಷ್ಟದ್ದೇನಲ್ಲ. ನುಣ್ಣನೆ ಹಿಟ್ಟಿನ ಕಣಗಳ ನಡುವೆ ಗಾಳಿ ನಿಲ್ಲುತ್ತದೆ. ಜರಡಿ ಹಿಡಿದರೆ ಗಾಳಿ ಸೇರುತ್ತದೆ, ಕುಕ್ಕಿದರೆ ಹೋಗುತ್ತದೆ. ಸಕ್ಕರೆ, ಉಪ್ಪು, ರವೆಯ ಕಾಳು ದಪ್ಪ, ಜಾರಿ ತಾನಾಗಿ ಕೂರುತ್ತದೆ. ಅದಕ್ಕೇ ಸಕ್ಕರೆಯನ್ನು ಹೇಗೇ ಅಳೆದರೂ ಕಪ್ಪಿಗೆ 200 ಗ್ರಾಂ ಹತ್ತಿರ ಬಂದು ನಿಲ್ಲುತ್ತದೆ. ಅಕ್ಕಿಯೂ ಹಾಗೇ. ಅಜ್ಜಿಯರು ಪಾವಿನಲ್ಲಿ ಅಕ್ಕಿ ಅಳೆದು, ಅದೇ ಪಾವಿನಲ್ಲಿ ನೀರು ಅಳೆದು ಅನ್ನ ಮಾಡಿದರು, ಯಾವತ್ತೂ ಕೆಡಲಿಲ್ಲ. ಚಪಾತಿಗೆ ಅಳತೆಯೇ ಬೇಡ. ನೀರು ಸ್ವಲ್ಪ ಸ್ವಲ್ಪ ಹಾಕುತ್ತಾ ಹಿಟ್ಟು ಹದಕ್ಕೆ ಬಂತು ಅಂತ ಕೈಗೆ ಗೊತ್ತಾದಾಗ ನಿಲ್ಲಿಸುತ್ತೇವೆ. ಕೇಕಿನಲ್ಲಿ ಆ ಅವಕಾಶ ಇಲ್ಲ, ಸಕ್ಕರೆ, ಬೆಣ್ಣೆ, ಮೊಟ್ಟೆ ಎಲ್ಲ ಬಿದ್ದಾದ ಮೇಲೆ ಹಿಟ್ಟು ಬೀಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಅಳತೆಯ ಕಪ್ ಬಂದಾಗ ಎಡವಿದ್ದು ಇಲ್ಲೇ ಅನ್ನಿಸುತ್ತದೆ ನನಗೆ. ಅಕ್ಕಿ ಅಳೆಯುವ ಕೈಯಲ್ಲೇ ಮೈದಾ ಅಳೆದೆವು.

ಐದು ತೂಕಗಳನ್ನು ಈಗ ನೋಡಿ. ಐದೂ ಒಂದಕ್ಕೊಂದು ಹತ್ತಿರ ಇದ್ದು ಎಲ್ಲವೂ 145ರ ಸುತ್ತ ಇದ್ದರೆ ನಿಮ್ಮ ಕೈ ಸ್ಥಿರವಾಗಿದೆ, ಕಪ್ ಮಾತ್ರ ಭಾರ. 115, 150, 128 ಎಂದು ಚದುರಿದ್ದರೆ ಕೈ ಸ್ಥಿರವಿಲ್ಲ. ಒಂದು ಸಲ ಬಂದ ಕೇಕ್ ಇನ್ನೊಂದು ಸಲ ಬಾರದಿರುವುದಕ್ಕೆ ಅದೇ ಕಾರಣ, ಮುಂದೆ ಹುಡುಕುವುದೇ ಬೇಡ.

ಸ್ಕೇಲ್ ಇಲ್ಲದವರು ಹೀಗೆ ಮಾಡಬಹುದು. 500 ಗ್ರಾಂ ಮೈದಾದ ಹೊಸ ಪ್ಯಾಕೆಟ್ ತನ್ನಿ. ಎಲ್ಲವನ್ನೂ ಒಂದು ಡಬ್ಬಿಗೆ ಸುರಿದು, ನಿಮ್ಮ ರೂಢಿಯ ಹಾಗೆ ಎಷ್ಟು ಕಪ್ ಬರುತ್ತದೆ ಎಂದು ಎಣಿಸಿ. ನಾಲ್ಕು ಕಪ್ ತುಂಬಿ ಇನ್ನೂ ಎರಡು ಮೂರು ಚಮಚ ಉಳಿದರೆ ನಿಮ್ಮ ಕಪ್ 120ರ ಆಸುಪಾಸು. ಮೂರೂವರೆಗೇ ಖಾಲಿಯಾದರೆ ಸುಮಾರು 143.

ಯಾರ ಕಪ್?

ಅಮೆರಿಕದಲ್ಲಿ ಅಳತೆಯ ಕಪ್ ಎಂದರೆ 236.6 ಎಂಎಲ್. ಆಹಾರದ ಪ್ಯಾಕೆಟ್ ಲೇಬಲ್ಲಿಗೆ ಅದನ್ನು 240 ಎಂದು ಹಿಡಿಯುತ್ತಾರೆ. ಆಸ್ಟ್ರೇಲಿಯಾದಲ್ಲಿ 250. ಜಪಾನಿನಲ್ಲಿ 200. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಸೆಟ್ಟುಗಳಲ್ಲಿ ಕೆಲವು 240, ಕೆಲವು 250. ಹಿಡಿಯ ಮೇಲೋ ತಳದಲ್ಲೋ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕಪ್ಪನ್ನು ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಎಂಎಲ್.

ಇದರ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. 240 ಬದಲು 250ರ ಕಪ್ ಬಳಸಿದರೆ ವ್ಯತ್ಯಾಸ ನೂರಕ್ಕೆ ನಾಲ್ಕು. ಅದ್ದಿ ಅಳೆದರೆ ಆಗುವ ವ್ಯತ್ಯಾಸ ನೂರಕ್ಕೆ ಇಪ್ಪತ್ತು. ಮೇಲಾಗಿ, ರೆಸಿಪಿಯಲ್ಲಿ ಎಲ್ಲವೂ ಕಪ್ಪಿನಲ್ಲೇ ಇದ್ದರೆ ಕಪ್ ದೊಡ್ಡದಾದರೂ ಚಿಕ್ಕದಾದರೂ ಪ್ರಮಾಣ ಕೆಡುವುದಿಲ್ಲ, ಕೇಕ್ ದೊಡ್ಡದೋ ಚಿಕ್ಕದೋ ಆಗುತ್ತದೆ ಅಷ್ಟೇ. ಕೆಡುವುದು ಯಾವಾಗ ಎಂದರೆ ಕಪ್ಪಿನ ಪಕ್ಕದಲ್ಲಿ ಕಪ್ ಅಲ್ಲದ ಲೆಕ್ಕ ಬಂದಾಗ: '3 ಮೊಟ್ಟೆ', '100 ಗ್ರಾಂ ಬೆಣ್ಣೆ', 'ಒಂದು ಪ್ಯಾಕೆಟ್ ಈಸ್ಟ್'. ಆಗ ನೀವು ಕಾಫಿ ಕುಡಿಯುವ 300 ಎಂಎಲ್ ಮಗ್‌ನಲ್ಲಿ ಮೈದಾ ಅಳೆದರೆ ಹಿಟ್ಟು ಮಾತ್ರ ಕಾಲು ಭಾಗ ಹೆಚ್ಚಾಯಿತು, ಮೊಟ್ಟೆ ಮೂರೇ ಇದೆ.

ಮೊಟ್ಟೆ ಎಂದಾಗ ನೆನಪಾಯಿತು. ಅಮೆರಿಕದ ರೆಸಿಪಿಯಲ್ಲಿ ಬರುವ 'ಲಾರ್ಜ್' ಮೊಟ್ಟೆ ಓಡು ತೆಗೆದರೆ ಸುಮಾರು 50 ಗ್ರಾಂ. ನಮ್ಮ ಅಂಗಡಿಯ ಮೊಟ್ಟೆ ಬಹಳ ಸಲ ಅದಕ್ಕಿಂತ ಚಿಕ್ಕದು. ಒಡೆದು ಬಟ್ಟಲಿಗೆ ಹಾಕಿ ತೂಗಿ ಬಿಡಿ. 'ಒಂದು ಸ್ಟಿಕ್ ಬೆಣ್ಣೆ' ಎಂದರೆ ಅರ್ಧ ಕಪ್, 113 ಗ್ರಾಂ. ನಮ್ಮಲ್ಲಿ ಸಿಗುವ 100 ಗ್ರಾಂ ಬೆಣ್ಣೆ ಪ್ಯಾಕೆಟ್ಟನ್ನು ಒಂದು ಸ್ಟಿಕ್ ಎಂದುಕೊಂಡು ಹಾಕಿದರೆ 13 ಗ್ರಾಂ ಕಡಿಮೆ ಬೀಳುತ್ತದೆ. ಹಿಟ್ಟು ಜಾಸ್ತಿ, ಬೆಣ್ಣೆ ಕಡಿಮೆ, ಮೊಟ್ಟೆ ಸಣ್ಣದು. ಮೂರೂ ಒಂದೇ ಕಡೆಗೆ ಎಳೆದರೆ ಕೇಕ್ ಒಣಗದೆ ಇನ್ನೇನು?

ಮೆಲ್ಬರ್ನ್ ಸಿಡ್ನಿ ಕಡೆ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಅಲ್ಲಿಯ ಟೇಬಲ್ ಸ್ಪೂನ್ 20 ಎಂಎಲ್, ಉಳಿದ ಕಡೆ 15.

ರೆಸಿಪಿ ಬರೆದವರ ಕಪ್ ಎಷ್ಟು ಭಾರ?

ಗ್ರಾಂಗೆ ಬದಲಾಯಿಸುವಾಗ ನಿಜವಾದ ಕಷ್ಟ ಇದು. ನಿಮ್ಮ ಕಪ್ ಎಷ್ಟು ತೂಗುತ್ತದೆ ಎಂದು ಗೊತ್ತಾಯಿತು ಸರಿ. ರೆಸಿಪಿ ಬರೆದವರು ಉದುರಿಸಿ ಅಳೆದರಾ, ಅದ್ದಿ ಅಳೆದರಾ? ಬಲ್ಲವರಲ್ಲೇ ಒಮ್ಮತ ಇಲ್ಲ. ಕಿಂಗ್ ಆರ್ಥರ್ ಎಂಬ ಅಮೆರಿಕದ ಹಿಟ್ಟಿನ ಕಂಪನಿ ತನ್ನ ಪಟ್ಟಿಯಲ್ಲಿ ಒಂದು ಕಪ್ ಮೈದಾಕ್ಕೆ 120 ಗ್ರಾಂ ಎಂದು ಬರೆಯುತ್ತದೆ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ 125. ರೆಸಿಪಿಗಳನ್ನು ಮಾಡಿ ನೋಡಿ ಪ್ರಕಟಿಸುವ ಅಮೆರಿಕಾಸ್ ಟೆಸ್ಟ್ ಕಿಚನ್‌ನವರು ಅದ್ದಿ ತಲೆ ಸವರುವವರು, ಅವರ ಲೆಕ್ಕ 5 ಔನ್ಸ್, ಅಂದರೆ 142. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ರೆಸಿಪಿಗೆ ಅವರವರ ಕಪ್ ಸರಿ. ಒಬ್ಬರ ರೆಸಿಪಿಯನ್ನು ಇನ್ನೊಬ್ಬರ ಪಟ್ಟಿಯಿಂದ ಬದಲಾಯಿಸಿದಾಗಲೇ ಗಡಿಬಿಡಿ. ನೆಟ್‌ನಲ್ಲಿ ಸಿಗುವ ಕನ್ವರ್ಟರ್‌ಗಳಲ್ಲಿ ಯಾವುದೋ ಒಂದೇ ಸಂಖ್ಯೆ ಕೂತಿರುತ್ತದೆ, ಎಲ್ಲರ ರೆಸಿಪಿಗೂ ಅದನ್ನೇ ಗುಣಿಸಿ ಕೊಡುತ್ತವೆ.

ಬಾಸ್ಟನ್‌ನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ 1896ರಲ್ಲಿ ತಂದ ಅಡುಗೆ ಪುಸ್ತಕದಲ್ಲಿ, ಕಪ್ ಎಂದರೆ ತಲೆ ಸವರಿದ ಕಪ್ ಎಂದು ಹಟ ಹಿಡಿದರು. ಅಮೆರಿಕದ ಮನೆಗಳಲ್ಲಿ ಕಪ್ಪಿನ ಲೆಕ್ಕ ಗಟ್ಟಿಯಾಗಿ ಕೂತಿದ್ದಕ್ಕೆ ಅವರದ್ದೂ ಪಾಲಿದೆ. ಕಪ್ಪಿನ ತಲೆ ಸಮವಾಯಿತು, ಒಳಗಿನ ಗಾಳಿಯನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಮೊದಲು ಆ ಪುಸ್ತಕದಲ್ಲಿ ಅಥವಾ ಅದೇ ಲೇಖಕರ ಬೇರೆ ರೆಸಿಪಿಯಲ್ಲಿ ಎಲ್ಲಾದರೂ ಕಪ್ ಮತ್ತು ಗ್ರಾಂ ಎರಡನ್ನೂ ಕೊಟ್ಟಿದ್ದಾರಾ ನೋಡಿ. ಒಂದು ಕಡೆ '2 ಕಪ್, 280 ಗ್ರಾಂ' ಎಂದಿದ್ದರೆ ಸಾಕು, ಅವರ ಕಪ್ 140. ಅಮೆರಿಕದಲ್ಲಿ ಇರುವವರು ಹಿಟ್ಟಿನ ಚೀಲದ ಲೇಬಲ್ ನೋಡಿ. ಬಹುತೇಕ '¼ ಕಪ್, 30 ಗ್ರಾಂ' ಎಂದಿರುತ್ತದೆ, ನಾಲ್ಕರಿಂದ ಗುಣಿಸಿದರೆ 120.

ಏನೂ ಸಿಗದಿದ್ದರೆ ನೀರಿನ ಲೆಕ್ಕ ಹಾಕಿ. ಬ್ರೆಡ್ಡಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ರೆಸಿಪಿಯಲ್ಲಿ '3 ಕಪ್ ಹಿಟ್ಟು, 1¼ ಕಪ್ ನೀರು, ನಯವಾಗುವವರೆಗೆ ಕಲ್ಲಿನ ಮೇಲೆ ನಾದಿ' ಎಂದಿದೆ ಅಂತಿಟ್ಟುಕೊಳ್ಳಿ. ನೀರು 1¼ ಕಪ್ ಎಂದರೆ 296 ಗ್ರಾಂ. ನೀರಿನ ಕಪ್ಪಿನಲ್ಲಿ ಗೊಂದಲ ಇಲ್ಲ. ಹಿಟ್ಟಿನ ಕಪ್ 120 ಎಂದರೆ ಒಟ್ಟು 360 ಗ್ರಾಂ. 100 ಗ್ರಾಂ ಹಿಟ್ಟಿಗೆ 82 ಗ್ರಾಂ ನೀರು ಬಿತ್ತು. ಅದನ್ನು ಕಲ್ಲಿನ ಮೇಲೆ ನಾದಲು ಆಗುವುದೇ ಇಲ್ಲ, ಬೆರಳಿಗೆ ಅಂಟಿ ಎಳೆಯುತ್ತದೆ. 142 ಎಂದರೆ 426 ಗ್ರಾಂ ಹಿಟ್ಟು, 100ಕ್ಕೆ 69 ನೀರು. ಇದು ನಾದುವ ಹಿಟ್ಟು. ಅಂದರೆ ಬರೆದವರು ಅದ್ದಿ ಅಳೆಯುವವರು. ಅವರ ಮಾತು 'ನಾದಿ' ಎನ್ನುತ್ತಿದೆ, ನಿಮ್ಮ ಲೆಕ್ಕ ದೋಸೆ ಹಿಟ್ಟಿನ ಕಡೆ ಹೋಗುತ್ತಿದೆ ಎಂದರೆ ಕಪ್ಪಿನ ಸಂಖ್ಯೆ ತಪ್ಪು ಹಿಡಿದಿದ್ದೀರಿ. ನನ್ನ ಮೊದಲ ನಾಲ್ಕೈದು ಬ್ರೆಡ್ಡುಗಳು ಅಂಟಂಟಾಗಿದ್ದು ಹೀಗೆಯೇ. ಕೇಕಿನ ಪಾಠ ಕಲಿತು, ಜಾಣತನ ಮಾಡಿ, ಎಲ್ಲ ರೆಸಿಪಿಗೂ 120 ಹಾಕಲು ಶುರುಮಾಡಿದ್ದೆ!

ಕೇಕಿಗೆ ಇಷ್ಟು ಕಡ್ಡಿ ಮುರಿದ ಹಾಗೆ ಹೇಳಲು ಆಗುವುದಿಲ್ಲ. ಸುಳಿವು ಇಲ್ಲದ ಕೇಕ್ ರೆಸಿಪಿಗೆ ನಾನು 125 ಹಿಡಿಯುತ್ತೇನೆ. ಸ್ವಲ್ಪ ಕಡಿಮೆ ಬಿದ್ದರೆ ಒಂದು ಚಮಚ ಹಿಟ್ಟು ಸೇರಿಸಬಹುದು, ಜಾಸ್ತಿ ಬಿದ್ದಿದ್ದನ್ನು ತೆಗೆಯಲು ಆಗುವುದಿಲ್ಲವಲ್ಲ.

ಸಣ್ಣ ಮಾತೊಂದು ಇಲ್ಲೇ ಹೇಳಿಬಿಡುತ್ತೇನೆ. 'ಜರಡಿ ಹಿಡಿದ ಮೈದಾ 1 ಕಪ್' ಮತ್ತು '1 ಕಪ್ ಮೈದಾ, ಜರಡಿ ಹಿಡಿಯಿರಿ' ಒಂದೇ ಅಲ್ಲ. ಮೊದಲನೆಯದರಲ್ಲಿ ಜರಡಿ ಹಿಡಿದು ಆಮೇಲೆ ಅಳೆಯಬೇಕು, ನನ್ನ ಮನೆಯ ಲೆಕ್ಕದಲ್ಲಿ 106 ಗ್ರಾಂ. ಎರಡನೆಯದರಲ್ಲಿ ಅಳೆದು ಆಮೇಲೆ ಜರಡಿ, 121. ಎರಡು ಕಪ್ಪಿಗೆ 30 ಗ್ರಾಂ ವ್ಯತ್ಯಾಸ. ತೂಕ ಹಾಕುವವರಿಗೆ ಈ ತಲೆನೋವು ಇಲ್ಲ.

ಲೆಕ್ಕದಲ್ಲೇ ಎಡವಿದ್ದರೆ

ಹಿಟ್ಟು ಸ್ವಲ್ಪ ಅಲ್ಲ, ಹೆಚ್ಚು ಕಡಿಮೆ ಎರಡು ಪಟ್ಟು ಬಿದ್ದಿದೆ, ಕೇಕ್ ಹಿಟ್ಟು ಪೂರಿ ಹಿಟ್ಟಿನ ಹಾಗಾಗಿದೆ ಎಂದರೆ ಕೈಯನ್ನು ಬಿಟ್ಟು ಲೆಕ್ಕವನ್ನು ಹಿಡಿಯಿರಿ. ನಾನು ಕಂಡಿರುವುದು ಎರಡೇ ಕಾರಣ, ಎರಡಕ್ಕೂ ಬೇರು ಒಂದೇ.

ಒಂದು, ಔನ್ಸ್. 'ಕಪ್ ಎಂದರೆ 8 ಔನ್ಸ್, ಔನ್ಸ್ ಎಂದರೆ 28 ಗ್ರಾಂ ಚಿಲ್ಲರೆ, ಹಾಗಾದರೆ ಒಂದು ಕಪ್ ಮೈದಾ 227 ಗ್ರಾಂ.' ಓದಲು ಎಷ್ಟು ಸರಿಯಾಗಿದೆ ಅಲ್ವಾ? ಆದರೆ ಕಪ್ಪಿನ 8 ಔನ್ಸ್ ದ್ರವದ ಅಳತೆ, ಜಾಗದ ಲೆಕ್ಕ. 28 ಗ್ರಾಂ ಔನ್ಸ್ ತೂಕದ್ದು. ಹೆಸರು ಮಾತ್ರ ಒಂದೇ. ನಮ್ಮ ಸೇರಿನ ಕಥೆಯೂ ಇದೇ ಆಗಿತ್ತು. ಕಾಳಿನ ಅಂಗಡಿಯಲ್ಲಿ ಪಾತ್ರೆಯ ಸೇರು, ಬೆಲ್ಲದ ಅಂಗಡಿಯಲ್ಲಿ ತಕ್ಕಡಿಯ ಸೇರು. ಹಳಬರಿಗೆ ಯಾವ ಸೇರು ಎಂದು ಕೇಳುವ ರೂಢಿ ಇತ್ತು. ಔನ್ಸ್ ನಮಗೆ ಹೊಸದು, ಕೇಳುವುದಿಲ್ಲ. ಬೆಣ್ಣೆಗೆ ಈ ಲೆಕ್ಕ ಹೇಗೋ ಸರಿಹೋಗುತ್ತದೆ, ಒಂದು ಕಪ್ ಬೆಣ್ಣೆ 227 ಗ್ರಾಂ. ಅದರಿಂದಲೇ ಧೈರ್ಯ ಬಂದು ಮೈದಾಕ್ಕೂ ಹಾಕುತ್ತಾರೆ.

ಇನ್ನೊಂದು, ಸ್ಕೇಲಿನ ಎಂಎಲ್ ಗುಂಡಿ. ಅಡುಗೆಮನೆಯ ಡಿಜಿಟಲ್ ಸ್ಕೇಲಿನಲ್ಲಿ ಒಂದು ಗುಂಡಿ ಒತ್ತುತ್ತಾ ಹೋದರೆ ಗ್ರಾಂ, ಔನ್ಸ್, ಎಂಎಲ್ ಬದಲಾಗುತ್ತದೆ. ರೆಸಿಪಿಯಲ್ಲಿ 'ಮೈದಾ 240 ಎಂಎಲ್' ಎಂದಿದೆ, ಸ್ಕೇಲನ್ನು ಎಂಎಲ್‌ಗೆ ಇಟ್ಟು 240 ಬರುವವರೆಗೆ ಹಿಟ್ಟು ಸುರಿದಿರಿ. ಸ್ಕೇಲಿಗೆ ಬಟ್ಟಲಲ್ಲಿ ಏನಿದೆ ಎಂದು ಕಾಣುವುದಿಲ್ಲ. ಅದು ತೂಕವನ್ನಷ್ಟೇ ನೋಡಿ, ಒಳಗಿರುವುದು ನೀರು ಎಂದುಕೊಂಡು ಎಂಎಲ್ ತೋರಿಸುತ್ತದೆ. ನೀವು ಹಾಕಿದ್ದು 240 ಗ್ರಾಂ, ಎರಡು ಕಪ್. ಎಂಎಲ್ ಗುಂಡಿ ನೀರು ಹಾಲಿಗೆ ಮಾತ್ರ. ಎಣ್ಣೆಗೂ ಬೇಡ, ಒಂದು ಕಪ್ ಎಣ್ಣೆ ನೀರಿಗಿಂತ ಹಗುರ. ಜೇನುತುಪ್ಪವಂತೂ ಕಪ್ಪಿಗೆ 340 ಗ್ರಾಂ ಹತ್ತಿರ ತೂಗುತ್ತದೆ.

ಸ್ಕೇಲ್ ಮೇಲೆ ಅನುಮಾನ ಬಂದರೆ

ತೂಕ ಹಾಕಲು ಶುರುಮಾಡಿದ ಮೇಲೂ ಕೆಡುತ್ತಿದ್ದರೆ ಸ್ಕೇಲನ್ನೇ ಪರೀಕ್ಷೆ ಮಾಡಿ. 10 ರೂಪಾಯಿ ನಾಣ್ಯ ಒಂದು 7.7 ಗ್ರಾಂ ತೂಗುತ್ತದೆ. ಹತ್ತು ನಾಣ್ಯ ಇಟ್ಟರೆ 77 ಬರಬೇಕು. ಒಂದೆರಡು ಗ್ರಾಂ ಆಚೀಚೆ ಆದರೆ ಪರವಾಗಿಲ್ಲ, 70 ತೋರಿಸಿದರೆ ಬ್ಯಾಟರಿ ಬದಲಾಯಿಸಿ ಮತ್ತೆ ನೋಡಿ. ಆಮೇಲೆ ಅದೇ ನಾಣ್ಯಗಳನ್ನು ಒಂದು ಭಾರದ ಬಟ್ಟಲಿನ ಒಳಗೆ ಹಾಕಿ ನೋಡಿ. ಬಟ್ಟಲನ್ನು ಸೊನ್ನೆ ಮಾಡಿದ ಮೇಲೂ 77 ಬರಬೇಕು.

ಸ್ಕೇಲ್ ಮೆತ್ತನೆ ಟವೆಲ್ ಮೇಲೆ, ಮೇಜಿನ ಬಟ್ಟೆಯ ಮೇಲೆ ಇರಬಾರದು. ಬಟ್ಟಲು ಗೋಡೆಗೋ ಮಿಕ್ಸಿಯ ವೈರಿಗೋ ತಾಗಿರಬಾರದು. ನಡುವೆ ಫೋನ್ ಬಂದು ಮಾತಾಡಿ ಬರುವಷ್ಟರಲ್ಲಿ ಸ್ಕೇಲ್ ತಾನೇ ಆರಿಹೋಗುವುದು ಇನ್ನೊಂದು ಕಾಟ. ಮತ್ತೆ ಆನ್ ಮಾಡಿದರೆ ಬಟ್ಟಲು ಹಿಟ್ಟು ಎಲ್ಲ ಸೇರಿ ಸೊನ್ನೆ ತೋರಿಸುತ್ತದೆ, ಎಷ್ಟು ಹಾಕಿದ್ದೆ ಎಂದು ಗೊತ್ತಾಗುವುದಿಲ್ಲ. ಖಾಲಿ ಬಟ್ಟಲಿನ ತೂಕವನ್ನು ಅದರ ತಳಕ್ಕೆ ಮಾರ್ಕರ್‌ನಲ್ಲಿ ಬರೆದಿಟ್ಟರೆ ಕಳೆಯುವುದು ಸುಲಭ. ನಮ್ಮ ಮನೆಯ ದೊಡ್ಡ ಸ್ಟೀಲ್ ಬಟ್ಟಲಿನ ತಳದಲ್ಲಿ 412 ಎಂದು ಬರೆದಿದೆ. ನೋಡಿದವರೆಲ್ಲ ಪಾತ್ರೆ ಅಂಗಡಿಯವರು ಹಾಕಿದ ನಂಬರ್ ಎಂದುಕೊಳ್ಳುತ್ತಾರೆ.

ಸಣ್ಣ ತೂಕದಲ್ಲಿ ಇಂಥ ಸ್ಕೇಲನ್ನು ನಂಬಬೇಡಿ. 1 ಗ್ರಾಂ ಲೆಕ್ಕದಲ್ಲಿ ತೋರಿಸುವ ಸ್ಕೇಲಿಗೆ 3 ಗ್ರಾಂ ಈಸ್ಟ್ ಹಾಕಿದರೆ 2 ಎಂದೂ ತೋರಿಸಬಹುದು, 4 ಎಂದೂ ತೋರಿಸಬಹುದು. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಕೆಲವು ಸ್ಕೇಲುಗಳು ಅಲುಗುವುದೇ ಇಲ್ಲ, ಆ ಸಣ್ಣ ಬದಲಾವಣೆಯನ್ನು ಗಾಳಿಯ ಅಲುಗಾಟ ಎಂದುಕೊಂಡು ಮತ್ತೆ ಸೊನ್ನೆಗೆ ತರುತ್ತವೆ. ಉಪ್ಪು, ಸೋಡಾ, ಬೇಕಿಂಗ್ ಪೌಡರ್, ಈಸ್ಟ್ ಇವಕ್ಕೆ 5 ಎಂಎಲ್ ಚಮಚವೇ ವಾಸಿ, ತಲೆ ಸವರಿ ಹಾಕಿ. ಹಿಟ್ಟಿಗೆ ಗ್ರಾಂ, ಇವಕ್ಕೆ ಚಮಚ. ಎಲ್ಲವೂ ಗ್ರಾಂನಲ್ಲೇ ಆಗಬೇಕು ಎಂಬ ಹಟ ನನಗಿಲ್ಲ.

ತೂಕ ಸರಿ, ಹಿಟ್ಟು ಬೇರೆ

ಇಷ್ಟೆಲ್ಲ ಸರಿಯಿದ್ದೂ ಬ್ರೆಡ್ ಹಿಟ್ಟು ಸಡಿಲವಾಗಿದೆಯೇ? ಆಗ ಪ್ಯಾಕೆಟ್ಟಿನ ಹಿಂಭಾಗ ಓದಿ. ವಿದೇಶದ ಬ್ರೆಡ್ ರೆಸಿಪಿಗಳು 100 ಗ್ರಾಂಗೆ 12–13 ಗ್ರಾಂ ಪ್ರೋಟೀನ್ ಇರುವ ಬ್ರೆಡ್ ಹಿಟ್ಟನ್ನು ಮನಸ್ಸಲ್ಲಿಟ್ಟು ಬರೆದವು. ನಮ್ಮ ಮೈದಾ ಪ್ಯಾಕೆಟ್ಟಿನ ಮೇಲೆ ಬಹಳ ಸಲ 10ರ ಆಸುಪಾಸು ಇರುತ್ತದೆ. ಅದು ಅಷ್ಟು ನೀರು ಹಿಡಿಯುವುದಿಲ್ಲ. ರೆಸಿಪಿಯ ನೀರಿನಲ್ಲಿ ಎರಡು ಮೂರು ಟೇಬಲ್ ಚಮಚ ಪಕ್ಕಕ್ಕಿಟ್ಟು, ನಾದುವಾಗ ಬೇಕೆನಿಸಿದರೆ ಹಾಕಿ.

ಗೋಧಿ ಹಿಟ್ಟು ಇದಕ್ಕೆ ತದ್ವಿರುದ್ಧ. ಚಕ್ಕಿಯಲ್ಲಿ ಕಲ್ಲುಗಳ ನಡುವೆ ಬಿಸಿಯಾಗಿ ಅರೆದು ಬರುವ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಜಾಸ್ತಿ ಒಡೆದಿರುತ್ತವೆ, ತವಡೂ ಇರುತ್ತದೆ. ಎರಡೂ ನೀರು ಕುಡಿಯುತ್ತವೆ. 120 ಗ್ರಾಂ ಮೈದಾ ಬದಲು 120 ಗ್ರಾಂ ಗೋಧಿ ಹಿಟ್ಟು ಹಾಕಿದರೆ ತೂಕ ಸರಿಯೇ, ಕೇಕ್ ಮಾತ್ರ ಒಣಗುತ್ತದೆ. ಇಲ್ಲಿ ಹಿಟ್ಟು ಕಡಿಮೆ ಮಾಡಬೇಡಿ, ಹಾಲು ಸ್ವಲ್ಪ ಹೆಚ್ಚಿಸಿ, ಕಲಸಿದ ಮೇಲೆ ಹತ್ತು ನಿಮಿಷ ಬಿಟ್ಟು ನೋಡಿ. ರಾಗಿ, ಕಡಲೆ ಹಿಟ್ಟಿಗೆ ಮೈದಾದ ಪಟ್ಟಿ ನೋಡುವುದೇ ಬೇಡ. ನಿಮ್ಮ ಗಿರಣಿಯಲ್ಲಿ ಎಷ್ಟು ನುಣ್ಣಗೆ ಬೀಸಿಕೊಟ್ಟರು ಎನ್ನುವುದರ ಮೇಲೆ ಕಪ್ಪಿನ ತೂಕ ಬದಲಾಗುತ್ತದೆ. ನಿಮ್ಮದೇ ತೂಗಿ ಬರೆದುಕೊಳ್ಳಿ. ಕೋಕೋ ಪುಡಿಯನ್ನೂ ತೂಗಿಯೇ ಹಾಕಿ, ಕಪ್ಪಿಗೆ 85 ಗ್ರಾಂ ಅಷ್ಟೇ ಇರಬೇಕು. ಮೈದಾ ಅಂತ 120 ಹಾಕಿದರೆ ಕೇಕ್ ಕಹಿ.

ಮಳೆಗಾಲದಲ್ಲಿ ಹಿಟ್ಟು ತೇವ ಎಳೆದುಕೊಳ್ಳುತ್ತದೆ, ಅದಕ್ಕೇ ಕೆಟ್ಟಿತು ಎಂದು ಮಲೆನಾಡು, ಕರಾವಳಿ ಕಡೆಯವರು ಹೇಳುವುದುಂಟು. ಎಳೆದುಕೊಳ್ಳುವುದು ನಿಜ. ಆದರೆ ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಅದರಿಂದಾಗುವ ವ್ಯತ್ಯಾಸ ಅದ್ದಿ ಅಳೆಯುವುದರ ಮುಂದೆ ಏನೂ ಅಲ್ಲ. ಮಳೆಯನ್ನು ಬೈಯುವ ಮೊದಲು ಕಪ್ಪನ್ನು ತೂಗಿ.

ಒಂದು ರೆಸಿಪಿಯನ್ನು ಬದಲಾಯಿಸಿ ನೋಡೋಣ

ಅಮೆರಿಕದ ಹಾಳೆಯೊಂದರಿಂದ: 2¼ ಕಪ್ ಮೈದಾ, 1½ ಕಪ್ ಸಕ್ಕರೆ, ಒಂದು ಸ್ಟಿಕ್ ಬೆಣ್ಣೆ, 3 ಲಾರ್ಜ್ ಮೊಟ್ಟೆ, 1 ಕಪ್ ಹಾಲು, 2½ ಟೀ ಚಮಚ ಬೇಕಿಂಗ್ ಪೌಡರ್. ಹಿಟ್ಟನ್ನು ಚಮಚದಲ್ಲಿ ಉದುರಿಸಿ ಎಂದು ಕೆಳಗೆ ಬರೆದಿದೆ. ಹಾಗಾಗಿ 120 ಹಿಡಿದೆ. ಮೈದಾ 270 ಗ್ರಾಂ, ಸಕ್ಕರೆ 300, ಬೆಣ್ಣೆ 113, ಒಡೆದ ಮೊಟ್ಟೆ 150, ಹಾಲು 240 ಎಂಎಲ್. ಬೇಕಿಂಗ್ ಪೌಡರ್ ಚಮಚದಲ್ಲೇ ಇರಲಿ.

ಇದೇ ರೆಸಿಪಿಗೆ ನನ್ನ ಸ್ಟೀಲ್ ಡಬ್ಬಿಯ ಕಪ್ 147 ಎಂದು ಹಿಡಿದರೆ ಮೈದಾ 331 ಗ್ರಾಂ ಆಗುತ್ತಿತ್ತು. 61 ಗ್ರಾಂ ಜಾಸ್ತಿ, ಅಂದರೆ ಅರ್ಧ ಕಪ್. ಯಾರಾದರೂ ಕೇಕಿಗೆ ಅರ್ಧ ಕಪ್ ಮೈದಾ ಸುಮ್ನೆ ಸುರಿದರೆ ನಾವು ಕೈ ಹಿಡಿದು ನಿಲ್ಲಿಸುತ್ತಿದ್ದೆವು.

ಈಗಾಗಲೇ ಜಾಸ್ತಿ ಬಿದ್ದಿದ್ದರೆ

ಓವನ್‌ಗೆ ಇನ್ನೂ ಹೋಗಿಲ್ಲವಾದರೆ ಹಾಲನ್ನು ಒಂದೊಂದು ಟೇಬಲ್ ಚಮಚದಂತೆ ಹಾಕಿ, ಹಿಟ್ಟು ಪಟ್ಟಿಯಾಗಿ ಜಾರುವವರೆಗೆ. ನಾಲ್ಕೈದು ಚಮಚಕ್ಕಿಂತ ಹೆಚ್ಚು ಬೇಡ. ಜೊತೆಗೆ ಒಂದೆರಡು ಚಮಚ ಎಣ್ಣೆ ಮತ್ತು ಸ್ವಲ್ಪ ಸಕ್ಕರೆಯೂ ಬೀಳಲಿ, ಹಾಲು ಒಂದರಿಂದ ಮೆತ್ತಗಾಗುವುದಿಲ್ಲ. ಜಾಸ್ತಿ ತಿರುಗಿಸಬೇಡಿ. ಮೊದಲೇ ಮೈದಾ ಹೆಚ್ಚು, ಮೇಲೆ ಬೀಟರ್ ಆಡಿಸಿದರೆ ರಬ್ಬರಿನ ಹಾಗೆ ಎಳೆತ ಬರುತ್ತದೆ. ಬಿಸ್ಕತ್ತಿನ ಹಿಟ್ಟು ಪುಡಿಪುಡಿಯಾಗಿದ್ದರೆ ಹಾಲು ಬೇಡ, ಕರಗಿಸಿದ ಬೆಣ್ಣೆ ಒಂದು ಚಮಚ ಹಾಕಿ ಒತ್ತಿ ನೋಡಿ. ಬ್ರೆಡ್ ಹಿಟ್ಟು ಗಟ್ಟಿಯಾಗಿದ್ದರೆ ಒಣ ಹಿಟ್ಟನ್ನು ಮುಟ್ಟದೆ, ಕೈಯನ್ನು ನೀರಲ್ಲಿ ಅದ್ದಿ ಅದ್ದಿ ನಾದಿ.

ಬೆಂದಾದ ಮೇಲೆ ಗೊತ್ತಾದರೆ ಕೇಕನ್ನು ಬೆರಳು ದಪ್ಪದ ಪಟ್ಟಿಗಳಾಗಿ ಕತ್ತರಿಸಿ, ಟ್ರೇಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ಬದಿ ಗರಿಗರಿಯಾಗುವವರೆಗೆ ಇಡಿ. ನನ್ನ ಎರಡನೇ ಇಟ್ಟಿಗೆ ಹೀಗೆ ರಸ್ಕ್ ಆಯಿತು. ಸಂಜೆ ಕಾಫಿಗೆ ಬಂದ ಪಕ್ಕದ ಮನೆಯವರು ರೆಸಿಪಿ ಕೇಳಿದರು. ಎರಡು ಕಾಲು ಕಪ್ ಮೈದಾ ಎಂದು ಬರೆದುಕೊಟ್ಟೆ. ಆಮೇಲೆ ಚೀಟಿ ವಾಪಸ್ ತೆಗೆದುಕೊಂಡು, ಕಪ್ ಹೊಡೆದುಹಾಕಿ, 331 ಗ್ರಾಂ ಎಂದು ತಿದ್ದಿ ಕೊಟ್ಟೆ.